ಗಂಜಾಂ ದಾರಿ: ಈ ಅಕ್ಟೋಬರಿನ ದಿನಚರಿ

ಅಕ್ಟೋಬರ್ 3, 2025, ಶುಕ್ರವಾರ

ಈ ಸಲದ ಜಂಬೂಸವಾರಿಗೆ ಗಂಜಾಂ ಬರಲಿಲ್ಲ.

ಗಂಜಾಂ ಅಂದರೆ ಇಲ್ಲಿ ಊರಲ್ಲ, ನನ್ನ ಸ್ನೇಹಿತೆ. 1986ರಲ್ಲಿ ಮೈಸೂರಿನ ಮಹಾರಾಣಿ ಕಾಲೇಜಿಗೆ ಬಿ.ಎ.ಗೆ ಸೇರಿದಾಗ ನಮ್ಮ ಕ್ಲಾಸಿನಲ್ಲಿ ಒಂದೇ ಹೆಸರಿನವರು ನಾಲ್ಕು ಜನ ಇದ್ದೆವು. ಹಾಜರಿ ಕೂಗುವ ಮೇಡಂಗೆ ತಲೆಕೆಟ್ಟು ಊರಿನ ಹೆಸರು ಹಿಡಿದು ಕರೆಯತೊಡಗಿದರು. ಅವತ್ತಿನಿಂದ ನಾನು ತರೀಕೆರೆ, ಅವಳು ಗಂಜಾಂ, ಉಳಿದಿಬ್ಬರು ಸಾಗರ, ಕೊಳ್ಳೇಗಾಲ. ಮದುವೆಯಾಯಿತು, ಮನೆ ಬದಲಾಯಿತು, ಕೊಳ್ಳೇಗಾಲ ಮೂವತ್ತು ವರ್ಷದಿಂದ ಸರಸ್ವತಿಪುರಂನಲ್ಲೇ ಇದ್ದಾಳೆ. ಆದರೂ ಫೋನ್ ಎತ್ತಿದರೆ "ಹೇಳೇ ತರೀಕೆರೆ" ಅಂತಲೇ ಶುರು.

ಗಂಜಾಂ ಪ್ರತಿ ವಿಜಯದಶಮಿಗೆ ಬೆಳಿಗ್ಗೆಯೇ ನಮ್ಮ ಮನೆಗೆ ಬಂದುಬಿಡುತ್ತಿದ್ದಳು. ಬಂದವಳು ಚಪ್ಪಲಿ ಬಿಡುವ ಮೊದಲೇ "1610ರಲ್ಲಿ ನಮ್ಮೂರಲ್ಲಿ ಶುರುವಾದ ದಸರಾನ ನೀವು ಹೊತ್ಕೊಂಡು ಬಂದುಬಿಟ್ರಲ್ಲೇ ಮೈಸೂರಿನವ್ರು" ಅಂತ ಜಗಳ ತೆಗೆಯುವುದು ಪದ್ಧತಿ. ರಾಜ ಒಡೆಯರು ಶ್ರೀರಂಗಪಟ್ಟಣದಲ್ಲಿ ಶುರು ಮಾಡಿದ್ದು ನಿಜವೇ, ಆದ್ದರಿಂದ ನನ್ನ ಹತ್ತಿರ ಉತ್ತರ ಇರುತ್ತಿರಲಿಲ್ಲ. ನಿನ್ನೆ ಅಭಿಮನ್ಯು 750 ಕೆ.ಜಿ. ಅಂಬಾರಿ ಹೊತ್ತು ಹೋಗುವುದನ್ನು ಟಿ.ವಿ.ಯಲ್ಲಿ ಒಬ್ಬಳೇ ನೋಡಿದೆ. ಆಷಾಢದಲ್ಲಿ ಅವಳ ಅಮ್ಮ ಹೋದರು, ವರ್ಷ ತುಂಬುವವರೆಗೆ ಹಬ್ಬ ಇಲ್ಲ, ಅದಕ್ಕೇ ಬಂದಿಲ್ಲ ಅಂದುಕೊಂಡೆ. ರಾತ್ರಿ ನಾನೇ ಅಡ್ಮಿನ್ ಆಗಿರುವ ನಮ್ಮ ಕ್ಲಾಸಿನ ವಾಟ್ಸಾಪ್ ಗುಂಪು ತೆರೆದು ಹಿಂದೆ ಹಿಂದೆ ಹೋದೆ. ಜುಲೈನಲ್ಲೇ ಅವಳು ಗುಂಪು ಬಿಟ್ಟಿದ್ದಾಳೆ. ಎರಡು ಹುಟ್ಟುಹಬ್ಬದ ಕೇಕಿನ ಮಧ್ಯೆ ಬೂದು ಬಣ್ಣದ ಒಂದು ಸಾಲು. ಮೂರು ತಿಂಗಳಾದರೂ ನಾನು ಅದನ್ನು ಕಂಡೇ ಇರಲಿಲ್ಲ.

ಅದಕ್ಕೂ ಮೇಲೆ ಹೋದರೆ ಅವಳ ಅಮ್ಮ ತೀರಿಕೊಂಡ ಸುದ್ದಿ. ಕೆಳಗೆ ಎಲ್ಲರ ಕೈಮುಗಿದ ಚಿತ್ರ. ನನ್ನದೂ ಒಂದು. ಅಷ್ಟೇ. ಫೋನ್ ಮಾಡಿರಲಿಲ್ಲ, ಹೋಗಿರಲಿಲ್ಲ, ವೈಕುಂಠ ಸಮಾರಾಧನೆಗೂ ಹೋಗಿರಲಿಲ್ಲ. ಆ ತಿಂಗಳು ನನಗೆ ಅಂಥ ಘನಕಾರ್ಯ ಏನಿತ್ತು ಅಂತ ನೆನಪಿಸಿಕೊಳ್ಳಲು ಕೂತೆ. ಬಾತ್‌ರೂಮಿಗೆ ಟೈಲ್ಸ್ ಹಾಕಿಸುತ್ತಿದ್ದೆ.

ಅಕ್ಟೋಬರ್ 5, ಭಾನುವಾರ

ಬೆಳಿಗ್ಗೆ ಐದೂಮುಕ್ಕಾಲಿಗೆ ಸೈಕಲ್ ಹೊರಗೆ ತೆಗೆದೆ. ಗಂಜಾಂಗೆ ಹೋಗಿಬಿಡೋಣ ಅಂತ.

ನನ್ನ ಸೈಕಲ್ಲಿನ ಕಥೆ ಇಷ್ಟೇ: 2017ರಲ್ಲಿ ಮೈಸೂರಿನಲ್ಲಿ ಟ್ರಿಣ್ ಟ್ರಿಣ್ ಬಾಡಿಗೆ ಸೈಕಲ್ ಶುರುವಾದಾಗ ಕೊಳ್ಳೇಗಾಲ ಎಳೆದುಕೊಂಡು ಹೋಗಿ ಹತ್ತಿಸಿದಳು. ಇಪ್ಪತ್ತೆಂಟು ವರ್ಷದ ಮೇಲೆ ಪೆಡಲ್ ತುಳಿದದ್ದು. ಆಮೇಲೆ ಮಗಳು ಬಿಟ್ಟುಹೋದ ಬುಟ್ಟಿ ಇರುವ ಸೈಕಲ್ಲಿಗೆ ಎಣ್ಣೆ ಬಿಡಿಸಿ ನನ್ನದು ಮಾಡಿಕೊಂಡೆ. ಮಳೆಗಾಲದಲ್ಲಿ ಓಡಿಸುವುದಿಲ್ಲ, ಬೇಸಿಗೆಯಲ್ಲಿ ಆಗುವುದಿಲ್ಲ. ದಸರಾ ಮುಗಿದ ಮೇಲೆ ಕಾರ್ತಿಕ ಮುಗಿಯುವವರೆಗೆ ಇದೆಯಲ್ಲ, ಶರದೃತು ಅಂತ ಪಂಚಾಂಗದಲ್ಲಿ ಮಾತ್ರ ಬರೆದಿರುವ ಕಾಲ, ಅದು ಸೈಕಲ್ಲಿಗೇ ಮಾಡಿಸಿದ ಹಾಗಿರುತ್ತದೆ. ಬೆಳಗಿನ ಚಳಿಗೆ ಸ್ವೆಟರ್ ಬೇಕು ಅನಿಸುತ್ತದೆ, ಎರಡು ಕಿಲೋಮೀಟರ್ ತುಳಿದರೆ ಬೇಡ ಅನಿಸುತ್ತದೆ.

ಬೆಂಗಳೂರು ಹೆದ್ದಾರಿಯ ಮುಖ್ಯ ಹಾದಿಯಲ್ಲಿ 2023ರ ಆಗಸ್ಟಿನಿಂದ ಬೈಕು, ಆಟೊ, ಸೈಕಲ್ಲಿಗೆ ಪ್ರವೇಶವಿಲ್ಲ. ಪಕ್ಕದ ಸರ್ವಿಸ್ ರಸ್ತೆಯೇ ನಮ್ಮ ಪಾಲಿಗೆ. ನನಗೆ ಬೇಜಾರಿಲ್ಲ. ಸಿದ್ಧಲಿಂಗಪುರ ದಾಟಿದ ಮೇಲೆ ಅಲ್ಲೊಂದು ಇಲ್ಲೊಂದು ಹುಚ್ಚೆಳ್ಳು ಹೊಲ, ಹಳದಿ ಹೂ ಬಿಟ್ಟು ನಿಂತಿದೆ. ಗಂಜಾಂಳ ಅಮ್ಮ ರೈಲಿಗೆ ಕಟ್ಟಿಕೊಡುತ್ತಿದ್ದ ಡಬ್ಬಿಯಲ್ಲಿ ಅಕ್ಕಿರೊಟ್ಟಿ, ಹುಚ್ಚೆಳ್ಳು ಚಟ್ನಿ ಎರಡು ಜನಕ್ಕಾಗುವಷ್ಟು ಇರುತ್ತಿತ್ತು. ರೂಮು ಮಾಡಿಕೊಂಡಿದ್ದ ನನಗೂ ಸೇರಿಸಿ.

ಕಳಸ್ತವಾಡಿ ಹತ್ತಿರ ಹಿಂದಿನ ಚಕ್ರ ಪಂಕ್ಚರ್. ತಳ್ಳಿಕೊಂಡು ಹೋದೆ. ಅಂಗಡಿ ಅಂದರೆ ಒಂದು ಬೇವಿನ ಮರ, ಅದಕ್ಕೆ ನೇತುಹಾಕಿದ ಹಳೇ ಟೈರು, ಕೆಳಗೆ ಕಪ್ಪುನೀರಿನ ಬಾಣಲೆ. ಅಂಗಡಿಯವನು ಟ್ಯೂಬು ಎಳೆದು ಗಾಳಿ ತುಂಬಿ ನೀರಿನಲ್ಲಿ ಸ್ವಲ್ಪಸ್ವಲ್ಪವೇ ತಿರುಗಿಸಿದ. ಒಂದು ಕಡೆ ಬುಳುಬುಳು ಬಂತು. ಒರೆಸಿ, ಉಪ್ಪುಕಾಗದದಲ್ಲಿ ಉಜ್ಜಿ, ಸಲ್ಯೂಷನ್ ಹಚ್ಚಿ, ಬಾಯಲ್ಲಿ ಊದಿ ಆರಿಸಿ, ಪ್ಯಾಚ್ ಅಂಟಿಸಿ ಸುತ್ತಿಗೆಯ ಹಿಡಿಯಿಂದ ಕುಟ್ಟಿದ. ಮುಗೀತಲ್ಲ ಅಂತ ನಾನು ಪರ್ಸ್ ತೆಗೆದರೆ ಅವನು ಟೈರಿನ ಒಳಗೆ ಕೈಬಿಟ್ಟು ಸುತ್ತ ಸವರುತ್ತಾ ಕೂತ. ಕಣ್ಣು ಎಲ್ಲೋ, ಕೈ ಎಲ್ಲೋ. ಕೊನೆಗೆ ಒಂದು ಕಡೆ ನಿಲ್ಲಿಸಿ, ಇಕ್ಕಳದಲ್ಲಿ ಅರ್ಧ ಇಂಚಿನ ಜಾಲಿಮುಳ್ಳು ಕಿತ್ತು ನನ್ನ ಅಂಗೈಗೆ ಹಾಕಿದ.

"ಇದನ್ನ ಬಿಟ್ಟಿದ್ರೆ ಅರ್ಧ ಕಿಲೋಮೀಟ್ರಿಗೆ ವಾಪಸ್ ಬರ್ತಿದ್ರಿ ಅಕ್ಕಾ."

ಒಟ್ಟು ಇಪ್ಪತ್ತು ನಿಮಿಷದ ಕೆಲಸ. ಮುಂದಕ್ಕೆ ಹೋಗಬಹುದಿತ್ತು. ಪಂಕ್ಚರ್ ಆಯಿತಲ್ಲ, ಬಿಸಿಲೇರಿತಲ್ಲ ಅಂತ ಸೈಕಲ್ ಮೈಸೂರಿನ ಕಡೆಗೇ ತಿರುಗಿಸಿದೆ. ನಿಜ ಹೇಳಬೇಕೆಂದರೆ ಪಂಕ್ಚರ್ ಆದಾಗ ಒಳಗೊಳಗೇ ಸಮಾಧಾನ ಆಗಿತ್ತು.

ಅಕ್ಟೋಬರ್ 7, ಮಂಗಳವಾರ

ಸಾಗರ ಫೋನ್ ಮಾಡಿದ್ದಳು. ಅವರ ಕಡೆ ಭೂಮಿ ಹುಣ್ಣಿಮೆ. ಈಗಲೂ ತವರಿಗೆ ಹೋಗಿ ಭೂಮಣ್ಣಿ ಬುಟ್ಟಿಗೆ ಅವಳೇ ಕೆಮ್ಮಣ್ಣು ಬಳಿದು ಅಕ್ಕಿಹಿಟ್ಟಿನಲ್ಲಿ ಚಿತ್ತಾರ ಬರೆಯುತ್ತಾಳೆ. ರಾತ್ರಿಯಿಡೀ ಅಡುಗೆ, ನಸುಕಿನಲ್ಲಿ ಗದ್ದೆಗೆ ಹೋಗಿ ಬಸುರಿ ಭೂಮಿತಾಯಿಗೆ ಬಯಕೆ ಊಟ ಬಡಿಸುವುದು. ನಿದ್ದೆಗೆಟ್ಟ ದನಿಯಲ್ಲೇ ಮುಕ್ಕಾಲು ಗಂಟೆ ಮಾತಾಡಿದಳು. ಗಂಜಾಂ ವಿಷಯ ತೆಗೆದೆ.

"ನಾನು ಹೋಗಿದ್ನಲ್ಲೇ ಹನ್ನೊಂದನೇ ದಿನಕ್ಕೆ. ನೀನು ಮೈಸೂರಲ್ಲಿದ್ದೀಯ, ಮೊದಲೇ ಹೋಗಿಬಂದಿರ್ತೀಯ ಅಂದ್ಕೊಂಡೆ."

ಸಾಗರದಿಂದ ಅವಳು ಹೋಗಿದ್ದಾಳೆ. ರಾತ್ರಿಯಿಡೀ ಬಸ್ಸು. ಇಲ್ಲಿಂದ ಇಪ್ಪತ್ತು ಕಿಲೋಮೀಟರ್.

ಅಕ್ಟೋಬರ್ 12, ಭಾನುವಾರ

ಕೊಳ್ಳೇಗಾಲ ಮೇಷ್ಟ್ರಮ್ಮ. ಈ ಸಲ ಸಮೀಕ್ಷೆ ಡ್ಯೂಟಿ ಬಿದ್ದು ಮನೆಮನೆ ತಿರುಗಿ 60 ಪ್ರಶ್ನೆ ಕೇಳಿ ಗಂಟಲು ಕಟ್ಟಿಸಿಕೊಂಡಿದ್ದಾಳೆ. ಒಂದು ಗಂಟೆ ಬಿಡುವು ಮಾಡಿಕೊಂಡು ಬಂದಳು. ಇಬ್ಬರೂ ಸೈಕಲ್ಲಿನಲ್ಲಿ ನಜರ್‌ಬಾದಿಗೆ ಹೋಗಿ ಮೈಲಾರಿ ದೋಸೆ ತಿಂದೆವು. ತುಳಿದು ಕರಗಿಸಿದ್ದಕ್ಕಿಂತ ಬೆಣ್ಣೆ ಜಾಸ್ತಿ ಹೋಯಿತು ಹೊಟ್ಟೆಗೆ. ಗಂಜಾಂಗೆ ಜೊತೆಗೆ ಬಾರೇ ಅಂದೆ. "ಜೊತೆಗೆ ಬಂದ್ರೆ ನೀನು ನನ್ನ ಹಿಂದೆ ಅಡಗಿಕೊಳ್ತೀಯ, ಒಬ್ಬಳೇ ಹೋಗು" ಅಂದಳು. ಮೂವತ್ತು ವರ್ಷ ಮಕ್ಕಳನ್ನು ನೋಡಿದವಳು, ಸುಲಭಕ್ಕೆ ಬಗ್ಗುವುದಿಲ್ಲ.

ಅಕ್ಟೋಬರ್ 14, ಮಂಗಳವಾರ

ಅಂಚೆ ಕಚೇರಿಗೆ ಹೋಗಿ ಕಾರ್ಡ್ ಕೇಳಿದೆ. ಕೌಂಟರಿನ ಹುಡುಗಿ ಯಾವ ಕಾರ್ಡ್ ಅಂದಳು. ಪೋಸ್ಟ್ ಕಾರ್ಡಮ್ಮಾ, ಬರೆಯೋದು. ಒಳಗಿನಿಂದ ಹುಡುಕಿ ತಂದಳು. ಬೆಲೆ ಇನ್ನೂ 50 ಪೈಸೆ. ಚಿಲ್ಲರೆ ಕೊಡಲಾಗುವುದಿಲ್ಲ, ಎರಡು ತಗೊಳ್ಳಿ ಅಂದಳು. ತಗೊಂಡೆ.

ಮೊದಲನೆಯದರಲ್ಲಿ "ಕ್ಷೇಮ, ಕ್ಷೇಮಕ್ಕೆ ಬರೆಯುವುದು" ಅಂತ ಶುರು ಮಾಡಿ, ನನ್ನ ಮಂಡಿನೋವು, ಟೈಲ್ಸು, ಮಗಳ ವೀಸಾ ಎಲ್ಲ ಬರೆದು ಅರ್ಧಕ್ಕೆ ಹರಿದೆ. ಎರಡನೆಯದರಲ್ಲಿ ಮೂರೇ ಸಾಲು: "ಅಮ್ಮ ಹೋದಾಗ ನಾನು ಬರಲಿಲ್ಲ. ಬರಬೇಕಿತ್ತು. ಕಾರಣ ಹೇಳಲು ಏನೂ ಇಲ್ಲ." ಕಾರ್ಡಿನ ತುಂಬ ಜಾಗ ಉಳಿಯಿತು. ಮನಸ್ಸು ಬದಲಾಗುವ ಮೊದಲೇ ಹೋಗಿ ಕೆಂಪು ಡಬ್ಬಿಗೆ ಹಾಕಿದೆ. ವಾಪಸ್ ಬರುವಾಗ ಚಿತ್ತಾ ಮಳೆ ಹಿಡಿದು ತೋಯ್ದೆ.

ಅಕ್ಟೋಬರ್ 22, ಬುಧವಾರ

ಬಲಿಪಾಡ್ಯಮಿ. ಫೋನಿಗೆ ನೂರ ಹನ್ನೆರಡು ಶುಭಾಶಯ, ಅದರಲ್ಲಿ ಅರ್ಧ ಒಂದೇ ಹಣತೆ. ಗಂಜಾಂನಿಂದ ಉತ್ತರ ಇಲ್ಲ. ಎಂಟು ದಿನ ಆಯಿತು.

ಅಕ್ಟೋಬರ್ 26, ಭಾನುವಾರ

ಹೋಗಿಬಂದೆ.

ಎರಡು ದಿನದಿಂದ ಸ್ವಾತಿ ಮಳೆ. ಬೆಳಿಗ್ಗೆ ಹೊಳವಾಗಿತ್ತು, ಹೊರಟೆ. ಕಳಸ್ತವಾಡಿ ಬೇವಿನ ಮರದ ಹತ್ತಿರ ಬೆಲ್ ಮಾಡಿದೆ, ಅವನು ಕೈ ಎತ್ತಿದ. ಪಶ್ಚಿಮವಾಹಿನಿ ಹತ್ತಿರ ಕಾವೇರಿ ಕೆಂಪಗೆ ಹರಿಯುತ್ತಿತ್ತು. 1948ರಲ್ಲಿ ಗಾಂಧೀಜಿಯ ಅಸ್ಥಿ ಬಿಟ್ಟ ಜಾಗ. ಕಾಲೇಜಿನಲ್ಲಿದ್ದಾಗ ಇಲ್ಲಿಗೇ ಪಿಕ್ನಿಕ್ ಬಂದು ಚಿತ್ರಾನ್ನ ತಿಂದಿದ್ದೆವು, ಅದು ಎಂಥ ಜಾಗ ಅನ್ನುವ ಯೋಚನೆಯೂ ಇರಲಿಲ್ಲ. ಪೇಟೆ ದಾಟಿ, ದರಿಯಾ ದೌಲತ್ ಬಿಟ್ಟು, ಗಂಜಾಂ ಸೇರಿದಾಗ ಎಂಟೂಕಾಲು. ನಿಮಿಷಾಂಬ ಗುಡಿಗೆ ಹೋಗುವ ಕಾರುಗಳು ಆಗಲೇ ಸಾಲುಗಟ್ಟಿದ್ದವು.

ಅವಳು ಬಾಗಿಲಿಗೆ ನೀರು ಹಾಕುತ್ತಿದ್ದಳು. ನನ್ನ ಮುಖ ನೋಡಲಿಲ್ಲ, ಸೈಕಲ್ ನೋಡಿದಳು.

"ಇದರಲ್ಲೇ ಬಂದ್ಯಾ?"

"ಹೂಂ."

"ಮಂಡಿನೋವು ಅಂತಿದ್ದೆ."

"ತುಳಿದ್ರೆ ನೋಯಲ್ಲ. ಮೆಟ್ಲು ಹತ್ತಿದ್ರೆ ಮಾತ್ರ."

"ಒಳಗೆ ಬಾ, ಮೆಟ್ಲಿಲ್ಲ."

ಕಾರ್ಡಿನ ಮಾತು ಅವಳು ಎತ್ತಲಿಲ್ಲ. ನನಗೂ ಬಾಯಿ ಬರಲಿಲ್ಲ. ನಡುಮನೆಯಲ್ಲಿ ಅಮ್ಮನ ಮಂಚ ಗೋಡೆಗೆ ಒರಗಿಸಿ ನಿಲ್ಲಿಸಿದ್ದಳು, ಅದರ ನಾಲ್ಕು ಕಾಲಿನ ಗುರುತು ನೆಲದ ಮೇಲೆ ಇನ್ನೂ ಇತ್ತು. ಕಾಫಿ ಕೊಟ್ಟು ಎದುರಿಗೆ ಕೂತು, ಕೇಳದೆಯೇ ಎಲ್ಲ ಹೇಳಿದಳು. ನಾಲ್ಕು ತಿಂಗಳು ಹಾಸಿಗೆ ಹಿಡಿದದ್ದು, ಬೆನ್ನಿನ ಹುಣ್ಣು, ರಾತ್ರಿ ಎರಡು ಗಂಟೆಗೆ ಪಕ್ಕದ ಮನೆಯ ಹುಡುಗ ಆಂಬುಲೆನ್ಸಿಗೆ ಓಡಿದ್ದು. ಮಾತ್ರೆಯ ಹೆಸರು, ಎಷ್ಟು ಹೊತ್ತಿಗೆ, ಎಷ್ಟು ಸಲ, ಎಲ್ಲ. ಲೆಕ್ಕ ಒಪ್ಪಿಸುವವಳ ಹಾಗೆ. ನಾನು ಹೂಂ ಅಂದದ್ದೂ ಕಡಿಮೆ.

"ನಿಮ್ಮ ಗುಂಪಿನಲ್ಲಿ ಕೈಮುಗಿಯೋ ಗೊಂಬೆ ಹದಿನೇಳು ಬಂದಿದ್ವು" ಅಂದಳು. "ಎಣಿಸಿದ್ದೆ. ನಿದ್ದೆ ಬರ್ತಿರಲಿಲ್ಲ ಆಗ."

"ಅದರಲ್ಲಿ ನಂದೂ ಒಂದು."

"ಒಂಬತ್ತನೇದು."

ಆಮೇಲೆ ಎದ್ದು ಒಲೆ ಹಚ್ಚಿ ರೊಟ್ಟಿ ತಟ್ಟಿದಳು. ನಾನು ಹುಚ್ಚೆಳ್ಳು ಹುರಿದೆ. ಬಾಣಲೆಯಲ್ಲಿ ಚಟಪಟ ಸಿಡಿಯುವಾಗ ಬರುವ ಆ ಕಮಟು ವಾಸನೆಗೆ ಇಬ್ಬರೂ ಸುಮ್ಮನಾದೆವು. ಚಟ್ನಿಗೆ ಉಪ್ಪು ಜಾಸ್ತಿಯಾಗಿತ್ತು. ನಾನು ಹೇಳಲಿಲ್ಲ. "ಉಪ್ಪು ಜಾಸ್ತಿ, ಹೇಳೋಕೇನು ರೋಗ ನಿಂಗೆ" ಅಂದಳು. ಆಗ ಸ್ವಲ್ಪ ಉಸಿರು ಬಂತು ನನಗೆ.

ಹೊರಡುವಾಗ ಸೈಕಲ್ಲಿನ ಕ್ಯಾರಿಯರ್ ಅಲ್ಲಾಡಿಸಿ ನೋಡಿದಳು. ರೈಲು ತಡವಾದ ದಿನ ನಾನು ಸ್ಟೇಷನ್ನಿಗೆ ಹೋಗಿ ಅವಳನ್ನು ಡಬಲ್ ರೈಡ್ ಕೂರಿಸಿಕೊಂಡು ಬರುತ್ತಿದ್ದೆ. ಮೆಟ್ರೊಪೋಲ್ ಸರ್ಕಲ್ಲಿನಲ್ಲಿ ಪೊಲೀಸ್ ಕಂಡರೆ ಅವಳು ಧುಮುಕಿ, ಏನೂ ಗೊತ್ತಿಲ್ಲದವಳ ಹಾಗೆ ನಡೆದು, ಸರ್ಕಲ್ ದಾಟಿದ ಮೇಲೆ ಓಡಿಬಂದು ಹತ್ತುತ್ತಿದ್ದಳು. ಒಮ್ಮೆ ನಾನು ಅವಳು ಹತ್ತಿದಳು ಅಂದುಕೊಂಡು ಮಾತಾಡುತ್ತಾ ಕಾಲೇಜಿನವರೆಗೂ ಹೋಗಿಬಿಟ್ಟಿದ್ದೆ.

"ಈಗ ಇದು ನನ್ನ ತಡೆಯಲ್ಲ" ಅಂದಳು.

"ನಾನು ತುಳಿಯಲ್ಲ ಬಿಡು."

ನಗಲಿಲ್ಲ. ಆದರೆ ಗೇಟಿನವರೆಗೆ ಬಂದಳು. ದಾರಿಯುದ್ದಕ್ಕೂ ಅದೇ ಯೋಚನೆ: ಕಾರ್ಡು ಓದಿಯೂ ಒಂದು ಮಾತು ಆಡಲಿಲ್ಲವಲ್ಲ, ಅಷ್ಟು ಕೋಪ ಉಳಿದಿದೆಯಾ? ಅಥವಾ ಮೂರು ಸಾಲಿಗೆ ಆಡುವ ಮಾತೇ ಇಲ್ಲವಾ? ಸಿದ್ಧಲಿಂಗಪುರದ ಹತ್ತಿರ ಮಳೆ ಶುರುವಾಯಿತು. ನಿಲ್ಲದೆ ತುಳಿದೆ. ಮನೆಗೆ ಬಂದು ಮಂಡಿಗೆ ಬಿಸಿನೀರಿನ ಚೀಲ ಇಟ್ಟುಕೊಂಡು ಇದನ್ನು ಬರೆಯುತ್ತಿದ್ದೇನೆ.

ಅಕ್ಟೋಬರ್ 30, ಗುರುವಾರ

ಸಂಜೆ ಐದಕ್ಕೆ ಫೋನ್. ಗಂಜಾಂ ಹೆಸರು ನೋಡಿ, ಒಲೆಯ ಮೇಲಿನ ಹಾಲು ಮರೆತು ಎತ್ತಿದೆ.

"ಲೇ ತರೀಕೆರೆ, ನಿನ್ನ ಕಾರ್ಡ್ ಬಂತು."

"ಯಾವಾಗ?"

"ಈಗ. ಪೋಸ್ಟ್‌ಮ್ಯಾನ್ ಇನ್ನೂ ಬಾಗಿಲಲ್ಲೇ ಇದ್ದಾನೆ. ನಮ್ಮ ಪಿನ್ ಕೋಡ್ 571438. ನೀನು ಕೊನೆಗೆ 83 ಅಂತ ಬರೆದಿದ್ದೀಯ. ಎಲ್ಲೆಲ್ಲಿ ತಿರುಗಿ ಬಂದಿದೆಯೋ, ಮೂರು ಮುದ್ರೆ ಬಿದ್ದಿದೆ. ಮಳೆಗೆ ನೆಂದು ಮೊದಲನೇ ಸಾಲು ಪೂರ್ತಿ ಅಳಿಸಿಹೋಗಿದೆ. 'ಬರಬೇಕಿತ್ತು' ಅಂತ ಇದೆ. ಏನೇ ಅದು? ಯಾರು ಬರಬೇಕಿತ್ತು, ನಾನಾ? ದಸರಾಕ್ಕಾ?"

ಹಾಲು ಉಕ್ಕಿ ಒಲೆಯೆಲ್ಲ ಹರಿಯಿತು. ಆರಿಸಿ ಬಂದು ಮೊದಲನೇ ಸಾಲು ಓದಿ ಹೇಳಿದೆ.