ಮೌತ್‌ಪೀಸ್ ಬದಲಾದರೆ ಶ್ರುತಿ ಎಲ್ಲಿ ಕೆಡುತ್ತದೆ

ಮೌತ್‌ಪೀಸ್‌ನ (ಬಾಯಿಗಿಟ್ಟು ಊದುವ ತುದಿಯ) ಒಳಗಿನ ಟೊಳ್ಳು ದೊಡ್ಡದಾದಷ್ಟೂ ಕ್ಲಾರಿನೆಟ್‌ನ ಶ್ರುತಿ ಇಳಿಯುತ್ತದೆ. ಆದರೆ ಎಲ್ಲ ಸ್ವರಗಳೂ ಒಂದೇ ಸಮ ಇಳಿಯುವುದಿಲ್ಲ, ತೊಡಕಿರುವುದೇ ಇಲ್ಲಿ. ಬೆರಳು ಹೆಚ್ಚು ಬೇಡದ ಜಿ, ಎ, ಬಿ ಫ್ಲ್ಯಾಟ್ ಎಂಬ 'ಗಂಟಲ ಸ್ವರ'ಗಳಿಗೆ ಕೊಳವೆ ಗಿಡ್ಡ, ಹಾಗಾಗಿ ಅವೇ ಹೆಚ್ಚು ಜಾರುತ್ತವೆ. ಕೆಳಗಿನ ಇ, ಎಫ್ ಅಷ್ಟಾಗಿ ಕದಲುವುದಿಲ್ಲ.

ಕೊಳ್ಳುವಾಗ ಹೆಸರು ಪೂರ್ತಿ ಓದಿ. ವ್ಯಾಂಡೊರೆನ್ ಕಂಪನಿಯ 5ಆರ್‌ವಿ ಲೈರ್ ಎಂಬ ಮೌತ್‌ಪೀಸ್ ಎರಡು ಬಗೆಯಲ್ಲಿದೆ: '13 ಸರಣಿ'ಯದು ಎ=440ಕ್ಕೆ (ಎ ಸ್ವರ ಸೆಕೆಂಡಿಗೆ 440 ಕಂಪನ), ಸಾಂಪ್ರದಾಯಿಕವಾದದ್ದು ಅದಕ್ಕಿಂತ ತುಸು ಮೇಲೆ. 440ರ ಮೇಳದಲ್ಲಿ ಎರಡನೆಯದನ್ನು ಹಾಕಿ ಬ್ಯಾರಲ್ಲನ್ನು (ಮೌತ್‌ಪೀಸ್‌ನ ಕೆಳಗೆ ಕೂರುವ ಗಿಡ್ಡ ಕೊಳವೆಯನ್ನು) 2 ಮಿ.ಮೀ. ಎಳೆದರೆ ಗಂಟಲ ಸ್ವರಗಳು ಸೋತುಬಿಡುತ್ತವೆ. ಸಂದಿನಲ್ಲಿ ಉಳಿಯುವ ಗಾಳಿಗುಳಿಯೂ ಕಾಟ ಕೊಡುತ್ತದೆ. ಅದಕ್ಕೆ ಟ್ಯೂನಿಂಗ್ ರಿಂಗ್ (ಸಂದು ತುಂಬುವ ಉಂಗುರ) ತೂರಿಸಿ.

ಹತ್ತು ನಿಮಿಷ ನುಡಿಸಿ ವಾದ್ಯ ಬೆಚ್ಚಗಾದ ಮೇಲೆಯೇ ಪರೀಕ್ಷಿಸಿ. ಎಲ್ಲ ಬೆರಳೂ ತೆಗೆದ ಜಿ ಸ್ವರವನ್ನು ಬ್ಯಾರಲ್‌ನಿಂದ ಸರಿಮಾಡಿ. ಆಮೇಲೆ ಸ್ವರಲಿಪಿಯ ಗೆರೆಗಳ ನಡುವಿನ ಮೂರನೇ ಮನೆಯ ಸಿ ಇನ್ನೂ ಏರಿದ್ದರೆ ನಡುವಿನ ಜೋಡಣೆಯನ್ನು ಕೂದಲೆಳೆಯಷ್ಟು ಎಳೆಯಿರಿ, ಬ್ಯಾರಲ್ ಮುಟ್ಟಬೇಡಿ. ಪೂರ್ತಿ ಒತ್ತಿ ಕೂರಿಸಿದರೂ ಜಿ ಇಳಿದೇ ಇದ್ದರೆ 66 ಮಿ.ಮೀ. ಬದಲು 65 ಅಥವಾ 64ರ ಬ್ಯಾರಲ್ ಬೇಕು. ತುಟಿ ಬಿಗಿದು ಏರಿಸಲು ಹೋದರೆ ನಾದ ಕಟ್ಟಿಕೊಳ್ಳುತ್ತದೆ.