ನ್ಯೂ ಫಾರೆಸ್ಟ್‌ಗೆ ಮಕ್ಕಳ ಜೊತೆ ಬರ್ತಿದೀರಾ? ಪೋನಿಗಳ ಬಗ್ಗೆ ಇಷ್ಟು ತಿಳ್ಕೊಂಡು ಬನ್ನಿ

ಬೇಸಿಗೆ ಬಂತು ಅಂದ್ರೆ ಇಂಗ್ಲೆಂಡಿನ ನಮ್ಮ ಸೌತಾಂಪ್ಟನ್ ಕಡೆ ಇರೋ ಕನ್ನಡದವರ ಮನೆಗಳಲ್ಲೆಲ್ಲ ಊರಿಂದ ಬಂದ ನೆಂಟರು, ಬಂದವರೆಲ್ಲ ಮೊದಲು ಕೇಳೋದೇ ಆ ಕುದುರೆಗಳು ರಸ್ತೆ ಮೇಲೆ ಓಡಾಡೋ ಕಾಡಿಗೆ, ಅಂದ್ರೆ ನ್ಯೂ ಫಾರೆಸ್ಟ್‌ಗೆ, ಯಾವಾಗ ಹೋಗೋದು ಅಂತ. ಖಂಡಿತ ಬನ್ನಿ, ನೋಡಲೇಬೇಕಾದ ಜಾಗ ಅದು. ಬ್ರಾಕನ್‌ಹರ್ಸ್ಟ್, ಬರ್ಲಿ, ಬ್ಯೂಲಿ ಅನ್ನೋ ಹಳ್ಳಿಗಳ ಕಡೆ ಹೋದ್ರೆ ಪುಟ್ಟ ತಳಿಯ ಈ ಕುದುರೆಗಳು, ಅಂದ್ರೆ ಪೋನಿಗಳು, ಅಂಗಡಿ ಬಾಗಿಲಲ್ಲಿ, ಬಸ್ ಸ್ಟಾಪಲ್ಲಿ, ರಸ್ತೆ ನಡುವೆ ನಮ್ಮೂರ ದನಗಳ ಹಾಗೆ ಆರಾಮಾಗಿ ನಿಂತಿರ್ತವೆ. ಆದ್ರೆ ಚಿಕ್ಕ ಮಕ್ಕಳನ್ನ ಕರ್ಕೊಂಡು ಬರೋರಿಗೆ ಕೆಲವು ವಿಷಯ ಮೊದಲೇ ಹೇಳಿಬಿಡ್ಬೇಕು ಅನ್ಸುತ್ತೆ, ಯಾಕಂದ್ರೆ ಇಲ್ಲಿಗೆ ಬಂದಮೇಲೆ ಪೋನಿ ನೋಡಿದ ಖುಷೀಲಿ ಯಾರಿಗೂ ಕೇಳೋ ವ್ಯವಧಾನ ಇರಲ್ಲ.

ಮೊದಲನೇದು, ಇವು ಸಾಕಿದ ಕುದುರೆಗಳೂ ಅಲ್ಲ, ಪೂರ್ತಿ ಕಾಡು ಕುದುರೆಗಳೂ ಅಲ್ಲ. ಪ್ರತಿಯೊಂದಕ್ಕೂ ಒಬ್ಬ ಮಾಲೀಕ ಇದಾನೆ, ಇಲ್ಲಿ ಅವರನ್ನ ಕಾಮನರ್ ಅಂತಾರೆ, ತಲೆತಲಾಂತರದಿಂದ ಆ ಕಾಡಲ್ಲಿ ಮೇಯಿಸೋ ಹಕ್ಕು ಇರೋರು. ಬಾಲದ ಕೂದಲನ್ನ ಒಂದೊಂದು ಥರ ಕತ್ತರಿಸಿರೋದು ಕಾಣ್ಸುತ್ತೆ ನೋಡಿ, ಅದು ಈ ಪ್ರಾಣಿಗಳ ನಿಗಾ ನೋಡೋ ಅಜಿಸ್ಟರ್‌ಗಳು ಹಾಕೋ ಗುರುತು, ಮೇಯಿಸೋ ಶುಲ್ಕ ಕಟ್ಟಿದೆ, ಯಾವ ಭಾಗಕ್ಕೆ ಸೇರಿದ್ದು ಅಂತ ಅದ್ರಲ್ಲೇ ಗೊತ್ತಾಗುತ್ತೆ. ಮಾಲೀಕರು ಇದಾರೆ ಅಂದಮಾತ್ರಕ್ಕೆ ಅವು ಮನುಷ್ಯರ ಕೈಗೆ ಒಗ್ಗಿವೆ ಅಂತ ಅಲ್ಲ, ದಿನವಿಡೀ ತಮ್ಮಷ್ಟಕ್ಕೆ ಇರೋ ಪ್ರಾಣಿಗಳು. ಈ ತಳಿಯ ಪೋನಿ ಭುಜದ ಹತ್ರ 148 ಸೆಂಟಿಮೀಟರ್ ಮೀರಲ್ಲ, ದೊಡ್ಡವರ ಕಣ್ಣಿಗೆ ಪುಟ್ಟ ಕುದುರೆ ಥರ ಕಾಣ್ಸುತ್ತೆ, ಆದ್ರೆ ಅದೇ ಪೋನಿ ಹಿಂಗಾಲು ಝಾಡಿಸಿದ್ರೆ ನಮ್ಮ ತೊಡೆಗೆ ಬೀಳೋ ಏಟು ನಾಲ್ಕು ವರ್ಷದ ಮಗುವಿಗೆ ಎದೆಗೋ ಮುಖಕ್ಕೋ ಬೀಳುತ್ತೆ. ನನಗೆ ಭಯ ಆಗೋದು ಇದೊಂದಕ್ಕೇ.

ಕುದುರೆಗೆ ಕಣ್ಣು ತಲೆಯ ಎರಡೂ ಪಕ್ಕ ಇರೋದ್ರಿಂದ ಸುತ್ತ ಬಹಳಷ್ಟು ಕಾಣ್ಸುತ್ತೆ, ಕಾಣದೇ ಇರೋದು ಸರಿಯಾಗಿ ಬಾಲದ ಹಿಂದೆ ಮತ್ತೆ ಮೂತಿಯ ಎದುರಿಗೇ ಸ್ವಲ್ಪ ಜಾಗ. ಮಕ್ಕಳು ಓಡಿ ಹೋಗಿ ನಿಲ್ಲೋದು ಆ ಎರಡೇ ಜಾಗದಲ್ಲಿ! ಹಿಂದಿನಿಂದ ಓಡಿಬಂದ್ರೆ ಏನೋ ಅಟ್ಟಿಸ್ಕೊಂಡು ಬಂತು ಅಂತ ಒದೆಯುತ್ತೆ, ಮುಂದಿಂದ ಮೂತಿ ಸವರೋಕೆ ಹೋದ್ರೆ ಬೆರಳು ಯಾವುದು ಕ್ಯಾರೆಟ್ ಯಾವುದು ಅಂತ ಅದಕ್ಕೆ ಕಾಣಲ್ಲ.

ಇನ್ನು ತಿನ್ನೋಕೆ ಕೊಡೋದು. ದಯವಿಟ್ಟು ಬೇಡ. ನಮ್ಮೋರಿಗೆ ಪ್ರಾಣಿ ಕಂಡ್ರೆ ಬಾಳೆಹಣ್ಣೋ ಬಿಸ್ಕೆಟ್ಟೋ ಕೊಡ್ಬೇಕು ಅನ್ಸುತ್ತೆ, ಅದು ಪ್ರೀತಿನೇ, ನನಗೂ ಅರ್ಥ ಆಗುತ್ತೆ. ಆದ್ರೆ ಒಂದು ಸಲ ರುಚಿ ಹತ್ತಿದ ಪೋನಿ ಕಾರ್ ಪಾರ್ಕ್ ಬಿಟ್ಟು ಹೋಗಲ್ಲ, ಮುಂದಿನ ಕುಟುಂಬದ ಮಗುವಿನ ಕೈಲಿ ಏನೂ ಇಲ್ದಿದ್ರೂ ಕಚ್ಚುತ್ತೆ, ರಸ್ತೆ ಪಕ್ಕಾನೇ ನಿಂತು ಕಾರಿಗೆ ಸಿಕ್ಕಿ ಸಾಯುತ್ತೆ, ಹೊಂದದ್ದು ತಿಂದು ಹೊಟ್ಟೆನೋವಿಂದ ಸತ್ತಿರೋದೂ ಇದೆ. ಜನ ಹೇಳಿದ್ದು ಕೇಳದೇ ಇದ್ದಿದ್ದಕ್ಕೆ 2023ರ ಜುಲೈಯಿಂದ ಇಲ್ಲಿನ ಕೌನ್ಸಿಲ್ ನಿಯಮಾನೇ ತಂತು, ಪೋನಿಗೆ ತಿನ್ನಿಸೋದೂ ಇಲ್ಲ ಮುಟ್ಟೋದೂ ಇಲ್ಲ, ಮೀರಿದ್ರೆ 100 ಪೌಂಡ್ ದಂಡ, ಕೋರ್ಟಿಗೆ ಹೋದ್ರೆ 1000 ಪೌಂಡ್ ತನಕ. ಒಳ್ಳೇದೇ ಮಾಡಿದ್ರು ಅಂತೀನಿ.

ಹೋದ ಬೇಸಿಗೇಲಿ ಅಕ್ಕನ ಮಗ ಬಂದಿದ್ದ. ನಾವು ಚಾಪೆ ಹಾಸಿ ಡಬ್ಬಿ ತೆಗೆದಿದ್ದೇ ತಡ, ಒಂದು ಕಂದು ಬಣ್ಣದ ಹೆಣ್ಣು ಪೋನಿ ಮೇಯೋದು ಬಿಟ್ಟು ತಲೆ ಎತ್ತಿ ನಮ್ಮ ಕಡೆನೇ ಬರೋಕೆ ಶುರು ಮಾಡ್ತು.

"ಚಿಕ್ಕಮ್ಮಾ, ಅದು ಇಲ್ಲಿಗೇ ಬರ್ತಿದೆ!"

"ಬರ್ಲಿ ಪುಟ್ಟಾ, ಓಡ್ಬೇಡ, ಕಿರುಚ್ಬೇಡ, ಡಬ್ಬಿ ಮುಚ್ಚು. ಅದ್ರ ಕಿವಿ ನೋಡ್ತಿರು."

ಕಿವಿ ಮುಂದಕ್ಕಿತ್ತು, ಅಂದ್ರೆ ಕುತೂಹಲ ಅಷ್ಟೇ. ನಾವು ಎಲ್ಲಾ ಚೀಲಕ್ಕೆ ತುಂಬ್ಕೊಂಡು ಅದ್ರ ಪಕ್ಕದಿಂದ ದೂರ ನಡೆಯುವಾಗ ಇನ್ನೊಂದು ಪೋನಿ ಹತ್ರ ಬಂತು ನೋಡಿ, ತಕ್ಷಣ ಇದ್ರ ಎರಡೂ ಕಿವಿ ಹಿಂದಕ್ಕೆ ಕತ್ತಿಗೆ ಅಂಟ್ಕೊಂಡ್ವು, ಹಿಂಭಾಗ ತಿರುಗಿಸ್ತು, ಒಂದೇ ಒಂದು ಒದೆ, ಟಪ್ ಅಂತ ಶಬ್ದ ನಮಗೂ ಕೇಳ್ತು. ನಾವು ಎರಡು ನಿಮಿಷ ಮುಂಚೆ ಕೂತಿದ್ದ ಜಾಗ ಅದು. ಆಮೇಲೆ ದಿನಪೂರ್ತಿ ಆ ಹುಡುಗ ಪ್ರತಿ ಪೋನಿಯ ಕಿವಿ ನೋಡಿ ನನಗೆ ವರದಿ ಒಪ್ಪಿಸ್ತಿದ್ದ. ಮಕ್ಕಳಿಗೆ "ಹತ್ರ ಹೋಗ್ಬೇಡ" ಅಂತ ಹೆದರಿಸೋದಕ್ಕಿಂತ ಏನು ನೋಡ್ಬೇಕು ಅಂತ ಹೇಳಿಕೊಟ್ರೆ ಅವು ನಮಗಿಂತ ಚೆನ್ನಾಗಿ ನೋಡ್ತವೆ.

ಮರಿ ಜೊತೆ ಇರೋ ತಾಯಿ ಹತ್ರ ಅಂತೂ ಹೋಗಲೇಬೇಡಿ, ತಾಯಿ ಮರಿ ಮಧ್ಯೆ ಸಿಕ್ಕಿಹಾಕ್ಕೊಳ್ಳೋದು ಎಲ್ಲಕ್ಕಿಂತ ಅಪಾಯ. ಮರಿ ಮಲಗಿದ್ರೆ ಹುಷಾರಿಲ್ಲ ಅಂತಲ್ಲ, ನಿದ್ದೆ ಮಾಡ್ತಿರುತ್ತೆ. ಮಗುವನ್ನ ಪೋನಿ ಪಕ್ಕ ನಿಲ್ಲಿಸಿ ಫೋಟೋ ತೆಗಿಯೋ ಆಸೆ ಬಿಡಿ, ಫೋಟೋ ತೆಗಿಯೋರ ಕಣ್ಣು ಸ್ಕ್ರೀನ್ ಮೇಲಿರುತ್ತೆ, ಕುದುರೆ ಕಿವಿ ಯಾರು ನೋಡೋದು? ಮಗುವಿನ ತಳ್ಳುಗಾಡಿ (ಸ್ಟ್ರಾಲರ್) ಹಿಡಿಗೆ ತಿಂಡಿ ಚೀಲ ನೇತುಹಾಕಿರೋರೂ ಗಮನಿಸಿ, ಪೋನಿ ಮೂತಿ ಹಾಕೋದು ಅಲ್ಲಿಗೇ.

ಮುಟ್ಟಲೇಬೇಕು, ಹತ್ತಲೇಬೇಕು ಅಂತ ಮಕ್ಕಳು ಹಠ ಮಾಡಿದ್ರೆ ರೈಡಿಂಗ್ ಸ್ಕೂಲ್‌ಗೆ ಕರ್ಕೊಂಡು ಹೋಗಿ, ಅಲ್ಲಿನ ಪೋನಿಗಳು ಮಕ್ಕಳಿಗೆ ಒಗ್ಗಿರ್ತವೆ, ಹೇಳಿಕೊಡೋರೂ ಜೊತೆಗಿರ್ತಾರೆ. ಮಾತಾಡ್ಸ್ತಾ ಭುಜದ ಕಡೆಯಿಂದ ಹೋಗೋದು, ಪೋನಿ ನಡೆಸೋ ಹಗ್ಗವನ್ನ ಯಾವತ್ತೂ ಕೈಗೆ ಸುತ್ಕೊಳ್ಳದೆ ಮಡಚಿ ಹಿಡಿಯೋದು, ಇದನ್ನ ಮೊದಲ ದಿನವೇ ಕಲಿಸ್ತಾರೆ. ಹಿಮ್ಮಡಿ ಇರೋ ಶೂ ಹಾಕ್ಸಿ, ಇಲ್ದಿದ್ರೆ ಜೀನಿಂದ ಇಳಿಬಿಟ್ಟಿರೋ, ಕಾಲಿಡೋ ರಿಕಾಪಿನೊಳಗೆ ಪಾದ ಜಾರಿ ಸಿಕ್ಕಿಹಾಕ್ಕೊಳ್ಳುತ್ತೆ. ರಸ್ತೆ ಮೇಲೆ ಸವಾರಿ ಮಾಡೋ 14 ವರ್ಷದೊಳಗಿನ ಮಕ್ಕಳಿಗೆ ಇಲ್ಲಿ ಹೆಲ್ಮೆಟ್ 1990ರ ಕಾನೂನಿನಿಂದಲೇ ಕಡ್ಡಾಯ, ಆದ್ರೆ ಕಾನೂನು ಬಿಡಿ, ಅಂಗಳದಲ್ಲಿ ಹತ್ತು ಹೆಜ್ಜೆ ಹೋದ್ರೂ ಹಾಕ್ಸಿ. ಸೈಕಲ್ ಹೆಲ್ಮೆಟ್ ನಡೆಯಲ್ಲ, ಕುದುರೆ ಸವಾರಿದೇ ಬೇಕು, ಸ್ಕೂಲಲ್ಲೇ ಕೇಳಿದ್ರೆ ತಲೆ ಅಳತೆ ನೋಡಿ ಕೊಡ್ತಾರೆ. ನಿಮ್ದೇ ಸ್ವಂತದ್ದಾದ್ರೆ ಒಂದು ಸಲ ಜೋರಾಗಿ ನೆಲಕ್ಕೆ ಬಡಿದ ಮೇಲೆ ಹೊರಗೆ ಬಿರುಕು ಕಾಣದೇ ಇದ್ರೂ ಬದಲಾಯಿಸ್ಬಿಡಿ.