ಉತಾರದ ಚೈನ್, ಮೂರನೇ ವಾರ: ಲೋಕಾಪುರದ ‘ಲೋ’ ಒಳಗ ಸಿಕ್ಕ ತಪ್ಪು

ಹೋದ ವರ್ಷ ನಮ್ಮ ಕಾಕಾ ಬೆಳೆಸಾಲಕ್ಕಂತ ಹೊಲದ ಉತಾರ (ಪಹಣಿ) ಹಿಡ್ಕೊಂಡು ಮೂರು ಕಡೆ ಅಡ್ಡಾಡಿದ್ರು, ಒಂದು ಕಡೆ ಹಿಸ್ಸಾ ನಂಬರ್ ಬ್ಯಾರೆ ಐತಿ ಅಂತ ತಿರುಗಿ ಕಳಿಸಿದ್ರು, ಯಾರ ಹತ್ರ ಇದ್ದದ್ದು ಖರೆ ಅಂತ ಕಡೀಕೂ ಯಾರೂ ಹೇಳ್ಲಿಲ್ಲ. ಆವತ್ತಿನಿಂದ ಇದು ನನ್ನ ತಲ್ಯಾಗ ಕುಂತೈತಿ. ಭೂಮಿ ಯೋಜನೆ ಬಂದಿದ್ದು 2000ರಾಗ, ಪಹಣಿ ಎಲ್ಲಾ ಕಂಪ್ಯೂಟರ್ನ್ಯಾಗ ಅದಾವ, ಆದ್ರ ಒಂದು ಕಡೆಯಿಂದ ಇನ್ನೊಂದು ಕಡೆ ಹೋದ ಪ್ರತಿನ ನಡುವ ಯಾರೂ ತಿದ್ದಿಲ್ಲ ಅನ್ನೋದು ಎರಡೂ ಕಡೆಯವ್ರಿಗೆ ಅಲ್ಲೇ ಗೊತ್ತಾಗ್ಬೇಕಲ್ರಿ.

ನವನಗರದ ಮನ್ಯಾಗ, ಒಂದ ಲ್ಯಾಪ್‌ಟಾಪ್‌ ಮ್ಯಾಲೆ ಹೈಪರ್‌ಲೆಡ್ಜರ್ ಫ್ಯಾಬ್ರಿಕ್ ಹಾಕೀನಿ, ಇದು ಬ್ಲಾಕ್‌ಚೈನ್ ಕಟ್ಟೋ ಸಾಫ್ಟ್‌ವೇರ್, ಅಂದ್ರ ಎಲ್ಲಾ ಸದಸ್ಯರ ಹತ್ರ ಒಂದ ಥರದ ಪ್ರತಿ ಇದ್ದು, ಬರದದ್ದನ್ನ ಗುಟ್ಟಾಗಿ ತಿದ್ದಾಕ ಬರದ ದಾಖಲೆ ಸರಪಳಿ. ಕಂದಾಯ, ನೋಂದಣಿ, ಬ್ಯಾಂಕ್ ಅಂತ ಮೂರು ಸದಸ್ಯರು, ಡೇಟಾ ಎಲ್ಲಾ ನಾನ ಬರ್ದದ್ದು. ಬಿಟ್‌ಕಾಯಿನ್ ಥರ ಯಾರ್ ಬೇಕಾದ್ರೂ ಸೇರೋ ಚೈನ್ ಇಲ್ಲಿಗೆ ಬ್ಯಾಡ, ಸರ್ಕಾರಿ ಮಾಹಿತಿಗೆ ಯಾರು ಬರದ್ರು ಅನ್ನೋದು ಹೆಸರು ಸಮೇತ ಗೊತ್ತಿರ್ಬೇಕು. ಕೇಂದ್ರ ಸರ್ಕಾರ 2024ರಾಗ ತಂದ ವಿಶ್ವಸ್ಯ ವೇದಿಕೆನೂ ಇಂಥಾ ಪರವಾನಗಿ ಚೈನ, ಒಪ್ಪಿಗೆ ಇದ್ದವ್ರಷ್ಟ ಸೇರೋದು. ಎಂಟ್ರಿಗಳನ್ನ ಸಾಲಾಗಿ ಜೋಡಿಸೋ ಆರ್ಡರರ್ ಮೂರು ಇಟ್ಟೀನಿ, ಒಂದು ಆಫ್ ಮಾಡಿದ್ರ ನಡೀತೈತಿ, ಎರಡು ಆಫ್ ಮಾಡಿದ್ರ ಹೊಸಾ ಎಂಟ್ರಿ ನಿಲ್ತೈತಿ.

ಉತಾರ ಚೈನ್ ಮ್ಯಾಲೆ ಹೋಗೂದಿಲ್ಲ, ಅದರ ಶಾ-256 ಹ್ಯಾಶ್ ಅಷ್ಟ ಹೋಗ್ತೈತಿ, ಅಂದ್ರ ಫೈಲಿನಿಂದ ಲೆಕ್ಕ ಹಾಕಿದ ಬೆರಳಚ್ಚಿನಂಥಾ ಗುರ್ತು, ಫೈಲ್‌ನ್ಯಾಗ ಒಂದು ಬೈಟ್ ಬದಲಾದ್ರೂ ಅದು ಪೂರ್ತಿ ಬ್ಯಾರೆ ಆಗ್ತೈತಿ. ಈ ವಾರ ಹೊಡ್ತ ಬಿದ್ದಿದ್ದು ಅಲ್ಲೇ. ಬ್ಯಾಂಕ್ ಕಡೆ ಹ್ಯಾಶ್ ಹೊಂದ್ವಲ್ದು, ಎರಡು ಫೈಲ್ ಬಾಜೂಕ ಇಟ್ಟು ಅಕ್ಷರ ಅಕ್ಷರ ಓದೀನಿ, ಎಲ್ಲಾ ಒಂದ! ಎರಡು ರಾತ್ರಿ ಹೋತು. ಆಮ್ಯಾಲೆ ಬೈಟ್ ಎಣಿಸಿದಾಗ ಕಂಡಿದ್ದು, ‘ಲೋಕಾಪುರ’ದ ಓಕಾರ ಒಂದರಾಗ ಒಂದ ಕೋಡ್, ಇನ್ನೊಂದರಾಗ ಎಕಾರದ್ದು, ಊಕಾರದ್ದು, ದೀರ್ಘದ್ದು ಅಂತ ಮೂರು ತುಂಡು. ಅಕ್ಷರನ ಬೈಟ್ ಮಾಡಿ ಇಡೋ ಯುಟಿಎಫ್-8ನ್ಯಾಗ 3 ಬೈಟ್ ಇರೋ ಕಡೆ 9 ಬೈಟ್. ಕಣ್ಣಿಗೆ ಒಂದ, ಹ್ಯಾಶ್‌ಗೆ ಬ್ಯಾರೆ. ಈಗ ಹ್ಯಾಶ್ ಮಾಡೂಕಿಂತ ಮೊದಲು ಎಲ್ಲಾ ಪಠ್ಯ ಯೂನಿಕೋಡ್‌ನ ಎನ್‌ಎಫ್‌ಸಿ ರೂಪಕ್ಕ ತರ್ತೀನಿ, ಅದರಾಗ ಇಂಥಾ ತುಂಡು ಕೂಡಿ ಒಂದ ಕೋಡ್ ಆಗ್ತಾವ, ಆದ್ರ ಕಣ್ಣಿಗೆ ಕಾಣದ ಜೋಡಕ್ಷರ ಬಿಡಿಸೋ ಗುರ್ತು ಅದರಿಂದ ಅಳಿಯೂದಿಲ್ಲ, ಅದಕ್ಕ ಬ್ಯಾರೆ ನಿಯಮ ಬರದೀನಿ. ಕನ್ನಡದಾಗ ಇಂಥಾ ಕೆಲಸ ಮಾಡೋವ್ರು ಮೊದಲನೇ ದಿನಾನ ಇದನ್ನ ನೋಡ್ಕೊಳ್ರಿ.

ಇನ್ನೊಂದು, ಹ್ಯಾಶ್ ಹಾಕಿದ ಕೂಡ್ಲೇ ಗುಟ್ಟು ಉಳೀತು ಅಂತ ತಿಳ್ಕೊಂಡಿದ್ದೆ. ಒಂದು ಊರಿನ ಸರ್ವೆ ನಂಬರ್ ಎಷ್ಟಿದ್ದಾವು, ಎಲ್ಲಾ ಒಂದೊಂದ ಹಾಕಿ ನೋಡಿದ್ರ ಯಾವ ಹೊಲದ ಹ್ಯಾಶ್ ಅಂತ ಹಿಡೀಬಹುದು, ನಾನ ಮಾಡಿ ನೋಡ್ದೆ, ಕಣ್ಣು ಮಿಟುಕಿಸೋದ್ರಾಗ ಸಿಕ್ತು. ಅದಕ್ಕ ಪ್ರತಿ ದಾಖಲೆಗೂ 32 ಬೈಟಿನ ಯಾದೃಚ್ಛಿಕ ಸಾಲ್ಟ್ (ಯಾರೂ ಊಹಿಸಾಕ ಬರದ ಅಂಕಿ) ಸೇರಿಸಿ, ಆ ಸಾಲ್ಟ್ ಚೈನ್ ಹೊರಗ ಇಟ್ಟೀನಿ. ಮುಂದ ಯಾರಾದ್ರೂ ಮಾಹಿತಿ ಅಳಿಸ್ರಿ ಅಂದ್ರ ದಾಖಲೆನೂ ಸಾಲ್ಟೂ ಅಳಿಸಿದ್ರ ಆತು, ಚೈನ್‌ನಾಗ ಉಳಿದ ಹ್ಯಾಶ್‌ನಿಂದ ಯಾರೂ ಏನೂ ತೆಗಿಯಾಕ ಆಗೂದಿಲ್ಲ.

ಕಾಕಾನ ಹಿಸ್ಸಾ ತಪ್ಪು ಮಾತ್ರ ಇನ್ನೂ ಬಗಿಹರಿದಿಲ್ಲ, ಮೊದಲ ತಪ್ಪು ಬರ್ದಿದ್ರ ಚೈನ್ ಆ ತಪ್ಪನ್ನ ಗಟ್ಟಿ ಹಿಡ್ಕೊಂಡು ಕುಂದರ್ತೈತಿ. ತಿದ್ದುಪಡಿ ಹೊಸಾ ಎಂಟ್ರಿ ಆಗಿ ಬಂದು ಹಳೇದನ್ನ ತೋರಿಸ್ಬೇಕು, ಕಂದಾಯ ಮತ್ತ ನೋಂದಣಿ ಇಬ್ರೂ ಸಹಿ ಹಾಕಿದ್ರ ಅಷ್ಟ ಚಾಲೂ ಆಗ್ಬೇಕು, ಆ ಎಂಡೋರ್ಸ್‌ಮೆಂಟ್ ಪಾಲಿಸಿ ಅರ್ಧ ಬರದೀನಿ, ಐತವಾರ ಕುಂತು ಮುಗಸ್ತೀನಿ.